ಕೋಳ ಮದ್ದಾದೀತೇ?

ತನಗೆ ತಾನೇ ಕೇಡು ಮಾಡಿಕೊಳ್ಳುವವರನ್ನು ಏನು ಮಾಡಬೇಕು? ಬಯ್ಯಬೇಕೇ, ಬುದ್ಧಿ ಹೇಳಬೇಕೇ, ಆಸ್ಪತ್ರೆಗೆ ಎಳೆದುಕೊಂಡು ಹೋಗಬೇಕೇ, ಇಲ್ಲಾ ಹಣೆಬರಹ ಎಂದು ಸುಮ್ಮನಿರಬೇಕೇ? ಸಂಸಾರ ಎಂದ ಮೇಲೆ ಪ್ರತಿಯೊಬ್ಬ ಹೆಂಗಸೂ ಒಂದಲ್ಲ ಒಂದು ದಿನ ಈ ಪ್ರಶ್ನೆಯ ಮುಂದೆ ನಿಂತಿರುತ್ತಾಳೆ. ಸಕ್ಕರೆ ಕಾಯಿಲೆಯಿದ್ದೂ ಕದ್ದು ಮೈಸೂರುಪಾಕು ತಿನ್ನುವ ಮಾವ, ಕೆಮ್ಮಿ ಕೆಮ್ಮಿ ಬಾಗಿಹೋದರೂ ಬೀಡಿ ಬಿಡದ ಅಪ್ಪ, ಸಂಜೆಯಾದರೆ ಕಾಲು ತಾನಾಗಿಯೇ ಬಾರಿನ ಕಡೆ ಹೊರಳುವ ಗಂಡ. ಇವರಿಗಾಗಿ ನಾವು ಜಗಳವಾಡಿದ್ದೇವೆ, ಅತ್ತಿದ್ದೇವೆ, ಹರಕೆ ಹೊತ್ತಿದ್ದೇವೆ. ಆದರೆ ಠಾಣೆಗೆ ಹೋಗಿ, 'ಇವರು ಸಿಹಿ ತಿಂದರು, ಹಿಡಿದು ಒಳಗೆ ಹಾಕಿ' ಎಂದು ದೂರು ಕೊಟ್ಟವರಿಲ್ಲ. ಕೊಟ್ಟರೆ ಪೊಲೀಸರೇ ನಕ್ಕಾರು.

ಅದೇ ಮನೆಯ ಮಗ ಒಂದು ಚಿಟಿಕೆ ಗಾಂಜಾ ಸೇದಿ ಸಿಕ್ಕಿಬಿದ್ದರೆ ಯಾರೂ ನಗುವುದಿಲ್ಲ. ಅಲ್ಲಿಗೆ ಅವನು ಮಗನಲ್ಲ, ವಿದ್ಯಾರ್ಥಿಯಲ್ಲ, ರೋಗಿಯೂ ಅಲ್ಲ. ಆರೋಪಿ. ಈ ಒಂದು ಪದ ಅವನಿಗೂ ಅವನ ಮನೆಯವರಿಗೂ ಏನು ಮಾಡುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದ ಮೇಲೆ ಈ ಮಾತುಗಳನ್ನು ಬರೆಯಬೇಕೆನ್ನಿಸಿತು.

ನಮ್ಮದು ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಮೂವತ್ತು ವರ್ಷ ಇಲ್ಲಿಯ ಹೈಸ್ಕೂಲಿನಲ್ಲಿ ಪಾಠ ಹೇಳಿದವಳು ನಾನು. ನಮ್ಮ ಬೀದಿಯ ತುದಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಒಬ್ಬಾಕೆ ಇದ್ದಾರೆ. ಅವರ ಮಗ ಡಿಪ್ಲೊಮಾ ಓದುತ್ತಿದ್ದ ಹುಡುಗ. ಒಂದು ಸಂಜೆ ಕೆರೆ ಏರಿಯ ಕೆಳಗೆ ಇನ್ನಿಬ್ಬರೊಂದಿಗೆ ಕೂತಿದ್ದಾಗ ಸಿಕ್ಕಿಬಿದ್ದ. ಆಸ್ಪತ್ರೆಗೆ ಕರೆದೊಯ್ದು ಮೂತ್ರ ಪರೀಕ್ಷೆ ಮಾಡಿಸಿದರು. ಗಾಂಜಾ ಸೇವನೆ ದೃಢಪಟ್ಟಿತು, ಕೇಸಾಯಿತು. ಮಾರನೆಯ ದಿನ ಸ್ಥಳೀಯ ಪತ್ರಿಕೆಯೊಂದರಲ್ಲಿ ಮೂವರ ಹೆಸರೂ ಬಂತು, ಪಟವೂ ಬಂತು. ಕಾಲೇಜಿನವರು ಟಿ.ಸಿ. ತೆಗೆದುಕೊಂಡು ಹೋಗಿ ಎಂದರು. ಅವನ ಅಕ್ಕನಿಗೆ ಒಪ್ಪಿಗೆಯ ಹಂತಕ್ಕೆ ಬಂದಿದ್ದ ಸಂಬಂಧ ಸದ್ದಿಲ್ಲದೆ ನಿಂತುಹೋಯಿತು. ವಾಯಿದೆಯಿಂದ ವಾಯಿದೆಗೆ ಓಡಾಡಿ, ವಕೀಲರಿಗೆ ಕೊಟ್ಟು, ದಂಡ ಕಟ್ಟಿ ಕೇಸು ಮುಗಿಯುವಷ್ಟರಲ್ಲಿ ಹುಡುಗ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಿದ್ದ.

ಆ ತಾಯಿ ಒಮ್ಮೆ ರಾಗಿ ಹಿಟ್ಟು ಕೊಡುತ್ತಾ ನನ್ನೊಡನೆ ಅಂದದ್ದು ಇಷ್ಟು: "ಟೀಚರ್, ಅವನು ಸೇದ್ತಾನೆ ಅಂತ ನಂಗೆ ಆರು ತಿಂಗಳು ಮೊದ್ಲೇ ಗೊತ್ತಿತ್ತು. ಯಾವ ಡಾಕ್ಟ್ರಿಗೆ ತೋರಿಸ್ಲಿ ಅಂತ ಕೇಳೋಕೂ ಹೆದರಿಕೆ. ಅವರು ಪೊಲೀಸರಿಗೆ ಹೇಳಿಬಿಟ್ರೆ?"

ಈ ಮಾತನ್ನು ಸ್ವಲ್ಪ ನಿಂತು ಕೇಳಿಸಿಕೊಳ್ಳಬೇಕು. ಚಟಕ್ಕೆ ಬೀಳದಂತೆ ಹುಡುಗರನ್ನು ಹೆದರಿಸಲಿ ಎಂದು ನಾವು ಕಾನೂನು ಮಾಡಿಕೊಂಡೆವು. ಅದು ಹುಡುಗನನ್ನು ಹೆದರಿಸಲಿಲ್ಲ. ಅವನು ಸೇದಿಯೇ ಸೇದಿದ. ಹೆದರಿದ್ದು ತಾಯಿ. ಅವನನ್ನು ವೈದ್ಯರ ಬಳಿ ಕರೆದೊಯ್ಯಬಹುದಾಗಿದ್ದ ಒಂದೇ ಜೀವದ ಕೈಯನ್ನು ಆ ಭಯ ಕಟ್ಟಿಹಾಕಿತು.

ಇನ್ನೂ ಒಂದು ಸಂಗತಿಯಿದೆ. ಆ ಹುಡುಗನ ತಂದೆ ಇಪ್ಪತ್ತು ವರ್ಷ ಕುಡಿದು, ಗಿರಣಿಯ ಗಳಿಕೆಯನ್ನು ಕರಗಿಸಿ, ಈಲಿ ಕೆಟ್ಟು ತೀರಿಕೊಂಡವರು. ಅವರು ಕುಡಿದದ್ದೆಲ್ಲ ಲೈಸೆನ್ಸಿದ್ದ ಅಂಗಡಿಯಲ್ಲಿ, ತೆರಿಗೆ ಕಟ್ಟಿದ ಬಾಟಲಿಯಿಂದ. ನಮ್ಮ ರಾಜ್ಯದಲ್ಲಿ 2007ರ ಜುಲೈಯಲ್ಲಿ ಸಾರಾಯಿ ನಿಂತಿತು, ನಿಜ. ಆದರೆ ಮದ್ಯವನ್ನು ಅಂಗಡಿಗಳಿಗೆ ಸಗಟಾಗಿ ಹಂಚುವುದು 2003ರಿಂದಲೂ ಸರ್ಕಾರದ್ದೇ ನಿಗಮ. ಅಬಕಾರಿಯಿಂದ ರಾಜ್ಯದ ಬೊಕ್ಕಸಕ್ಕೆ ಬರುವ ಹಣ ಈಗ ವರ್ಷಕ್ಕೆ 30,000 ಕೋಟಿ ರೂಪಾಯಿಯನ್ನೂ ಮೀರಿದೆ. ಅಪ್ಪನ ಅಮಲು ಸರ್ಕಾರಕ್ಕೆ ವರಮಾನ, ಮಗನ ಅಮಲು ಸರ್ಕಾರದ ಕಣ್ಣಲ್ಲಿ ಅಪರಾಧ. ಗಾಂಜಾ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಬೆಳೆಯುವ ವಯಸ್ಸಿನ ಹುಡುಗರ ಓದು, ನೆನಪು, ಮನಸ್ಸನ್ನು ಅದು ಹೇಗೆ ಮಂಕು ಮಾಡುತ್ತದೆಂಬುದನ್ನು ತರಗತಿಯಲ್ಲೇ ಕಂಡಿದ್ದೇನೆ. ಆದರೆ ಯಾವ ತಕ್ಕಡಿಯಲ್ಲಿ ತೂಗಿ ಒಂದನ್ನು ಅಂಗಡಿಗೂ ಇನ್ನೊಂದನ್ನು ಠಾಣೆಗೂ ಕಳಿಸಿದೆವು ಎಂದು ಕೇಳುವ ಹಕ್ಕು ಆ ವಿಧವೆಗೆ ಇದೆ.

ಕಾನೂನಿನ ಕಥೆ ನೋಡೋಣ. ನಮ್ಮಲ್ಲಿ ಭಂಗಿ ಸೊಪ್ಪು, ಗಾಂಜಾ, ಅಫೀಮು ನಿನ್ನೆ ಮೊನ್ನೆ ಬಂದವಲ್ಲ. ಜಾತ್ರೆಗಳಲ್ಲಿ ಬೈರಾಗಿಗಳು ಚಿಲುಮೆ ಸೇದುತ್ತಾ ಕೂತಿದ್ದನ್ನು ನಮ್ಮ ತಲೆಮಾರಿನವರು ಕಂಡಿದ್ದೇವೆ. ಅಳುವ ಕೂಸಿಗೆ ಸಾಸಿವೆ ಕಾಳಿನಷ್ಟು ಅಫೀಮು ನೆಕ್ಕಿಸಿ ಹೊಲಕ್ಕೆ ಹೋಗುತ್ತಿದ್ದವರ ಕಥೆಯನ್ನು ನನ್ನ ಅಜ್ಜಿ ಹೇಳುತ್ತಿದ್ದರು. ಹಾಗೆ ಮಲಗಿದ ಕೂಸುಗಳಲ್ಲಿ ಕೆಲವು ಏಳಲಿಲ್ಲ ಎಂಬುದನ್ನೂ ಅವರೇ ಹೇಳುತ್ತಿದ್ದರು. ಹಳೆಯದೆಲ್ಲ ಹೊನ್ನು ಎಂಬ ಭ್ರಮೆ ನನಗಿಲ್ಲ.

ಬ್ರಿಟಿಷ್ ಸರ್ಕಾರ 1893ರಲ್ಲಿ ಗಾಂಜಾ, ಭಂಗಿ, ಚರಸ್‌ಗಳ ಬಗ್ಗೆ ವಿಚಾರಿಸಲೆಂದೇ ಒಂದು ಆಯೋಗ ನೇಮಿಸಿತು. ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿ 1894ರಲ್ಲಿ ಅದು ವರದಿ ಕೊಟ್ಟಿತು. ಮಿತವಾಗಿ ಸೇವಿಸುವವರಿಗೆ ಹೇಳಿಕೊಳ್ಳುವಂಥ ಕೇಡಿಲ್ಲ, ಮಿತಿಮೀರಿದವರಿಗೆ ಕೇಡಿದೆ, ಪೂರ್ತಿ ನಿಷೇಧಿಸಿದರೆ ಜನ ಇನ್ನೂ ಕೆಟ್ಟ ಅಮಲಿಗೆ ಹೋಗಬಹುದು, ಆದ್ದರಿಂದ ಹದ್ದುಬಸ್ತಿನಲ್ಲಿಡುವುದೇ ಸರಿ ಎಂಬುದು ಅದರ ಸಾರ. ಮುಂದೆ 1961ರ ಅಂತಾರಾಷ್ಟ್ರೀಯ ಒಪ್ಪಂದ ಬಂತು. ಗಾಂಜಾ ಸೇವನೆಯನ್ನು ನಿಲ್ಲಿಸಲು ನಮ್ಮಂಥ ದೇಶಗಳಿಗೆ 25 ವರ್ಷದ ಗಡುವು ಸಿಕ್ಕಿತು. ಆ ಗಡುವು ಹತ್ತಿರವಾಗುತ್ತಿದ್ದಾಗ, ನಗರಗಳಿಗೆ ಬ್ರೌನ್ ಶುಗರ್ ನುಗ್ಗುತ್ತಿದ್ದ ಕಾಲದಲ್ಲಿ, ಸಂಸತ್ತು ಎನ್‌ಡಿಪಿಎಸ್ ಕಾಯ್ದೆ ಮಾಡಿತು. ಅದು ಜಾರಿಗೆ ಬಂದದ್ದು 1985ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನ.

ಆ ಕಾಯ್ದೆ ಎಷ್ಟು ಬಿಗಿಯಾಗಿತ್ತೆಂದರೆ, ಹೆರಾಯಿನ್ ಕಾಲು ಗ್ರಾಮಿಗಿಂತ ಹೆಚ್ಚು ಸಿಕ್ಕರೆ, ಸ್ವಂತಕ್ಕೋ ಮಾರಾಟಕ್ಕೋ ಎಂದು ನೋಡದೆ, ಕನಿಷ್ಠ ಹತ್ತು ವರ್ಷ ಜೈಲು, ಒಂದು ಲಕ್ಷ ದಂಡ. ಚೀಲಗಟ್ಟಲೆ ಸಾಗಿಸುವ ದೊಡ್ಡ ಕುಳವೂ, ಚಟಕ್ಕೆ ಬಿದ್ದು ನಾಲ್ಕು ಪೊಟ್ಟಣ ಇಟ್ಟುಕೊಂಡ ಬಡವನೂ ಒಂದೇ ತಕ್ಕಡಿಯಲ್ಲಿ. 1989ರಲ್ಲಿ ಕೆಲವು ಅಪರಾಧಗಳು ಎರಡನೆಯ ಸಲ ಸಾಬೀತಾದರೆ ಮರಣದಂಡನೆಯೇ ಆಗಬೇಕೆಂದೂ ಸೇರಿಸಿದರು. 2001ರ ತಿದ್ದುಪಡಿಯಲ್ಲಿ ಪ್ರಮಾಣಕ್ಕೆ ತಕ್ಕಂತೆ ಶಿಕ್ಷೆ ಎಂಬ ವಿವೇಕ ಬಂತು. 2014ರಲ್ಲಿ ಮರಣದಂಡನೆ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದಾಯಿತು. ಸೇವನೆ ಮಾತ್ರ ಅಂದೂ ಅಪರಾಧ, ಇಂದೂ ಅಪರಾಧ. 27ನೇ ಕಲಮಿನ ಪ್ರಕಾರ ಗಾಂಜಾ ಸೇದಿದರೆ ಆರು ತಿಂಗಳವರೆಗೆ ಜೈಲು ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹೆರಾಯಿನ್, ಕೊಕೇನ್ ಆದರೆ ಒಂದು ವರ್ಷ ಇಲ್ಲವೇ 20,000. ತಮಾಷೆಯೆಂದರೆ ಅದೇ ಗಿಡದ ಹೂವಿನ ತೆನೆ ಗಾಂಜಾ, ಅದಕ್ಕೆ ಜೈಲು. ಬರಿಯ ಎಲೆ ಭಂಗಿ, ಅದು ಈ ಕಾಯ್ದೆಯ ವ್ಯಾಪ್ತಿಗೇ ಬರುವುದಿಲ್ಲ. ಒಂದೇ ಗಿಡದ ಎಲೆಗೂ ಹೂವಿಗೂ ನಡುವೆ ಒಬ್ಬನ ಬದುಕು ತೂಗಾಡುತ್ತದೆ.

ಇದೇ ಕಾಯ್ದೆಯಲ್ಲಿ ಒಂದು ಬಾಗಿಲನ್ನೂ ಇಟ್ಟಿದ್ದಾರೆ. ವ್ಯಸನಿಯಾದವನು ತಾನಾಗಿಯೇ ಸರ್ಕಾರದ ಮಾನ್ಯತೆಯಿರುವ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಸೇರಿದರೆ, 64ಎ ಕಲಮಿನಂತೆ ಸೇವನೆಯ ಕೇಸಿನಿಂದ ರಕ್ಷಣೆ ಪಡೆಯಬಹುದು. ಹಾಗಾದರೆ ಗಿರಣಿಯ ಆ ತಾಯಿಗೆ ಇದನ್ನು ಹೇಳಿದವರು ಯಾರು? ಯಾರೂ ಇಲ್ಲ. ನಮ್ಮ ಊರಿನ ಗೋಡೆಗಳ ಮೇಲೆ ಮಾದಕ ವಸ್ತುವಿಗೆ ಎಷ್ಟು ವರ್ಷ ಶಿಕ್ಷೆ ಎಂದು ಬರೆದ ಫಲಕ ನೋಡಿದ್ದೇನೆ. ಚಿಕಿತ್ಸೆಗೆ ಬಂದರೆ ರಕ್ಷಣೆಯುಂಟು ಎಂದು ಬರೆದ ಫಲಕವನ್ನು ನೋಡಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ನನ್ನ ಪರಿಚಯದ ಇನ್ನೊಬ್ಬ ತಾಯಿಯ ಮಾತನ್ನೂ ಕೇಳಬೇಕು. ಮದುವೆ ಮನೆಗಳಲ್ಲಿ ಅಡುಗೆ ಕೆಲಸ ಮಾಡುವ ಹೆಂಗಸು. ಆಕೆಯ ಮಗ ನಿದ್ರೆ ಮಾತ್ರೆಯಿಂದ ಶುರುಮಾಡಿ ಸೂಜಿಯವರೆಗೆ ಹೋದವನು. ಮನೆಯ ಗ್ಯಾಸ್ ಸಿಲಿಂಡರ್ ಮಾರಿದ. ತಡೆಯಲು ಬಂದ ತಾಯಿಯ ಕೈ ಮುರಿದ. ಆಕೆಯೇ ಠಾಣೆಗೆ ಹೋಗಿ ಅವನನ್ನು ಹಿಡಿಸಿದರು. "ಅವನು ಒಳಗಿದ್ದ ಎರಡು ತಿಂಗಳು ನಾನು ಬಾಗಿಲು ತೆಗೆದಿಟ್ಟು ಮಲಗಿದೆ ಅಕ್ಕಾ, ಅಷ್ಟು ನೆಮ್ಮದಿ" ಎಂದರು. ಆ ನೆಮ್ಮದಿಯನ್ನು ಅಲ್ಲಗಳೆಯಲು ನಾನು ಯಾರು? ವ್ಯಸನಿಯ ಮೇಲಿನ ಕರುಣೆಯ ಭಾರವನ್ನೆಲ್ಲ ಮನೆಯ ಹೆಂಗಸಿನ ಬೆನ್ನಿಗೇ ಹೊರಿಸುವ ಉಪದೇಶ ನನಗೆ ಬೇಡ. ಶತಮಾನಗಳಿಂದ ಹೊತ್ತದ್ದು ಸಾಕು.

ಆದರೆ ಇಲ್ಲಿ ಎರಡು ಎಳೆಗಳು ಗಂಟಾಗಿವೆ, ಬಿಡಿಸಿ ನೋಡಬೇಕು. ತಾಯಿಯ ಕೈ ಮುರಿದದ್ದು ಅಪರಾಧ. ಸಿಲಿಂಡರ್ ಮಾರಿದ್ದು ಅಪರಾಧ. ಅಮಲಿನಲ್ಲಿ ಮಾಡಿದ ಎಂದು ಅದಕ್ಕೆ ಮಾಫಿ ಇಲ್ಲ, ಇರಲೂ ಬಾರದು. ಹೊಡೆತಕ್ಕೆ, ಕಳ್ಳತನಕ್ಕೆ ಬೇರೆಯೇ ಕಾನೂನುಗಳಿವೆ. ಗಾಂಜಾ ಸೇದಿ ಮೂಲೆಯಲ್ಲಿ ಕೂತವನಿಗೂ ಕೋಳ, ತಾಯಿಯನ್ನು ಹೊಡೆದವನಿಗೂ ಕೋಳ ಎಂದಾಗ ಎರಡನೆಯವನ ನಿಜವಾದ ತಪ್ಪು ಮಸುಕಾಗುತ್ತದೆ. ಇನ್ನೊಂದು ಮಾತು. ಎರಡು ತಿಂಗಳ ನಂತರ ಆ ಮಗ ಹಿಂದಿರುಗಿದ. ಜೈಲಿನಲ್ಲಿ ಅವನಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ, ಮಾಲು ಎಲ್ಲೆಲ್ಲಿ ಸಿಗುತ್ತದೆಂದು ಬಲ್ಲ ಹೊಸ ಗೆಳೆಯರು ಸಿಕ್ಕಿದ್ದರು. ಆ ತಾಯಿಗೆ ಬೇಕಿದ್ದುದು ಮಗನನ್ನು ಕೆಲವು ಕಾಲ ಮನೆಯಿಂದ ದೂರ ಇಡುವ ಒಂದು ಜಾಗ. ಊರಿನಲ್ಲಿ ಅಂಥ ಜಾಗ ಇದ್ದದ್ದು ಠಾಣೆಯೊಂದೇ. ಒಂದು ವಾರ್ಡು, ಒಂದು ಹಾಸಿಗೆ, ಒಬ್ಬ ವೈದ್ಯರು ಇದ್ದಿದ್ದರೆ ಆಕೆ ಅಲ್ಲಿಗೇ ಹೋಗುತ್ತಿದ್ದರು.

ದೆಹಲಿಯ ಏಮ್ಸ್ ಸಂಸ್ಥೆಯವರು ನಡೆಸಿ 2019ರಲ್ಲಿ ಹೊರಬಂದ ಸಮೀಕ್ಷೆಯ ಲೆಕ್ಕ ಹೀಗಿದೆ: ದೇಶದಲ್ಲಿ ಸುಮಾರು 3.1 ಕೋಟಿ ಜನ ಭಂಗಿ, ಗಾಂಜಾ, ಚರಸ್ ಬಳಸಿದವರು. ಮದ್ಯ ಸೇವಿಸುವವರು ಸುಮಾರು 16 ಕೋಟಿ. ಸೂಜಿಯಿಂದ ಮಾದಕ ವಸ್ತು ಚುಚ್ಚಿಕೊಳ್ಳುವವರು ಸುಮಾರು ಎಂಟೂವರೆ ಲಕ್ಷ. ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಏನಾದರೂ ಚಿಕಿತ್ಸೆ ಸಿಕ್ಕಿದ್ದು ಒಬ್ಬರಿಗೆ. ಮದ್ಯ ಕಾನೂನುಬದ್ಧವಾಗಿದ್ದೂ ಈ ಸ್ಥಿತಿ. ಹೇಳಿಕೊಂಡರೆ ಜೈಲು ಎನ್ನುವ ವಸ್ತುವಿನ ಚಟ ಹತ್ತಿದವರು ಆಸ್ಪತ್ರೆಯ ಮೆಟ್ಟಿಲು ಹತ್ತುವುದು ಇನ್ನೆಷ್ಟು ಕಷ್ಟ! ಅವರಲ್ಲೂ ಹೆಂಗಸಾದರೆ? ಹುಡುಗನ ಚಟವನ್ನು ಊರು ಒಂದೆರಡು ವರ್ಷದಲ್ಲಿ ಮರೆತೀತು. ಹುಡುಗಿಯದನ್ನು ಮರೆಯುವುದಿಲ್ಲ. ಅವಳು ಬಚ್ಚಿಟ್ಟುಕೊಂಡೇ ಸಾಯುತ್ತಾಳೆ.

ಈ ಕಾಯ್ದೆ ಮಾಡಿದ ಇನ್ನೊಂದು ಗಾಯ ಚಟದ ನೆರಳೂ ಇಲ್ಲದ ಮನೆಗಳಿಗೆ ತಾಗಿತು. ನನ್ನ ಸೋದರತ್ತೆ ಗರ್ಭಕೋಶದ ಕ್ಯಾನ್ಸರಿನಿಂದ ತೀರಿಕೊಂಡದ್ದು 1996ರಲ್ಲಿ. ಕೊನೆಯ ಎರಡು ತಿಂಗಳು ಅವರು ನರಳಿದ ದನಿ ಬೀದಿಗೆ ಕೇಳುತ್ತಿತ್ತು. ಮಾರ್ಫಿನ್ ಮಾತ್ರೆ ಕೊಟ್ಟರೆ ನೋವು ತಗ್ಗುತ್ತದೆಂದು ವೈದ್ಯರಿಗೆ ಗೊತ್ತಿತ್ತು. ಅದನ್ನು ಇಟ್ಟುಕೊಳ್ಳಲು ಹಲವು ಲೈಸೆನ್ಸು ಬೇಕು, ಲೆಕ್ಕದಲ್ಲಿ ಒಂದು ಮಾತ್ರೆ ಹೆಚ್ಚುಕಡಿಮೆಯಾದರೂ ನಾವೇ ಆರೋಪಿಗಳಾಗುತ್ತೇವೆ, ಬೇಡಮ್ಮಾ ಎಂದರು. ಅವರನ್ನು ನಾನು ದೂರುವುದಿಲ್ಲ. ದೇಶದಾದ್ಯಂತ ಹೀಗೇ ನಡೆಯುತ್ತಿತ್ತು. ಔಷಧಿಗಾಗಿ ಕಾನೂನುಬದ್ಧವಾಗಿ ಅಫೀಮು ಬೆಳೆಯುವ ಕೆಲವೇ ದೇಶಗಳಲ್ಲಿ ನಮ್ಮದೊಂದು. ಮಧ್ಯಪ್ರದೇಶದ ನೀಮಚ್, ಮಂದಸೌರ್ ಕಡೆಯ ಹೊಲಗಳಲ್ಲಿ ಲೈಸೆನ್ಸ್ ಪಡೆದ ರೈತರು ಗಸಗಸೆ ಗಿಡ ಬೆಳೆಯುತ್ತಾರೆ. ನೀಮಚ್ ಮತ್ತು ಗಾಜೀಪುರದಲ್ಲಿ ಸರ್ಕಾರದ್ದೇ ಕಾರ್ಖಾನೆಗಳಿವೆ. ಹಾಗಿದ್ದೂ 1985ರ ನಂತರ ಮಾರ್ಫಿನ್ ಬಳಕೆ ಇಳಿಯುತ್ತಾ ಇಳಿಯುತ್ತಾ 1997ರಲ್ಲಿ ಇಡೀ ದೇಶಕ್ಕೆ ಸುಮಾರು 18 ಕಿಲೋಗೆ ಬಂದು ನಿಂತಿತು. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಅವರಂಥವರು ವರ್ಷಗಟ್ಟಲೆ ಬಾಗಿಲು ತಟ್ಟಿದ ಮೇಲೆ 2014ರ ತಿದ್ದುಪಡಿ ಈ ಲೈಸೆನ್ಸುಗಳ ಗೋಜಲನ್ನು ಸರಳ ಮಾಡಿತು. ಅಮಲಿನ ಭಯ ಎಷ್ಟು ಬೆಳೆದಿತ್ತೆಂದರೆ, ನೋವಿನಲ್ಲಿ ಸಾಯುತ್ತಿರುವವರ ಮೇಲೂ ನಾವು ಸಂಶಯಪಟ್ಟೆವು.

ಶಿಕ್ಷೆಯ ಭಯವೇ ಇಲ್ಲದಿದ್ದರೆ ಎಲ್ಲರೂ ಚಟಕ್ಕೆ ಬೀಳುವುದಿಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇದನ್ನು ಯೋಚಿಸುವಾಗ ನನಗೆ ಇನ್ನೊಂದು ಕಾನೂನು ನೆನಪಾಗುತ್ತದೆ. ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರ ಮೇಲೆ ಕೇಸು ಹಾಕುವ 309ನೇ ಕಲಮು ನಮ್ಮಲ್ಲಿ ಇತ್ತು. ವಿಷ ಕುಡಿದು ಉಳಿದ ಸೊಸೆಯ ಹಾಸಿಗೆಯ ಪಕ್ಕದಲ್ಲಿ ಪೊಲೀಸರು ಕಾಗದ ಹಿಡಿದು ನಿಂತಿರುತ್ತಿದ್ದರು. ಆ ಭಯಕ್ಕೇ ಎಷ್ಟೋ ಮನೆಯವರು ಆಸ್ಪತ್ರೆಗೆ ಒಯ್ಯಲು ತಡಮಾಡುತ್ತಿದ್ದರು. 2017ರ ಮಾನಸಿಕ ಆರೋಗ್ಯ ಕಾಯ್ದೆ, ಅಂಥವರು ತೀವ್ರ ಒತ್ತಡದಲ್ಲಿದ್ದರೆಂದು ಭಾವಿಸಬೇಕು, ಶಿಕ್ಷಿಸಬಾರದು, ಆರೈಕೆ ಕೊಡುವುದು ಸರ್ಕಾರದ ಹೊಣೆ ಎಂದಿತು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಮು ಇಲ್ಲ. ಸರ್ಕಾರಿ ನೌಕರರನ್ನು ಮಣಿಸಲೆಂದು ಮಾಡುವ ಯತ್ನಕ್ಕೆ ಮಾತ್ರ ಶಿಕ್ಷೆ ಉಳಿದಿದೆ. ತನ್ನ ಪ್ರಾಣವನ್ನೇ ತೆಗೆದುಕೊಳ್ಳಹೊರಟವರನ್ನು ಶಿಕ್ಷಿಸುವುದು ಸರಿಯಲ್ಲವೆಂದು ಒಪ್ಪಿದ ನಾವು, ತನ್ನ ಆರೋಗ್ಯವನ್ನು ಇಷ್ಟಿಷ್ಟೇ ಸುಟ್ಟುಕೊಳ್ಳುವವನಿಗೆ ಯಾವ ನ್ಯಾಯದಿಂದ ಕೋಳ ತೊಡಿಸುತ್ತೇವೆ? ಅದೇ 2017ರ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬಂದ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ಒಂದು ಕಾಯ್ದೆಯ ಪುಟದಲ್ಲಿ ಅವನು ರೋಗಿ, ಇನ್ನೊಂದರ ಪುಟದಲ್ಲಿ ಅಪರಾಧಿ.

ಬೇರೆ ದೇಶಗಳ ಅನುಭವವೂ ನಮ್ಮ ಮುಂದಿದೆ. ಪುಟ್ಟ ಪೋರ್ಚುಗಲ್ 1990ರ ದಶಕದಲ್ಲಿ ಹೆರಾಯಿನ್‌ನಿಂದ ಬೆಂದುಹೋಗಿತ್ತು. 2001ರ ಜುಲೈಯಿಂದ ಅಲ್ಲಿ ಹತ್ತು ದಿನಕ್ಕಾಗುವಷ್ಟು ಮಾದಕ ವಸ್ತು ಸ್ವಂತಕ್ಕೆ ಇಟ್ಟುಕೊಂಡವರನ್ನು ಕೋರ್ಟಿಗೆ ಒಯ್ಯುವುದಿಲ್ಲ, ಕಾನೂನು, ಆರೋಗ್ಯ, ಸಮಾಜಸೇವೆ ಬಲ್ಲವರಿರುವ ಒಂದು ಸಣ್ಣ ಸಮಿತಿಯ ಮುಂದೆ ಕೂರಿಸುತ್ತಾರೆ. ಅವರು ಮಾತಾಡುತ್ತಾರೆ, ಬೇಕಾದವರನ್ನು ಚಿಕಿತ್ಸೆಗೆ ಕಳಿಸುತ್ತಾರೆ. ಮಾರುವವನಿಗೆ ಮೊದಲಿನಂತೆಯೇ ಜೈಲು. ಇದರ ಜೊತೆಗೆ ಚಿಕಿತ್ಸೆಗೂ ಶುದ್ಧ ಸೂಜಿಗೂ ಹಣ ಸುರಿದರು. ವರ್ಷಕ್ಕೆ ಸಾವಿರದ ಮೇಲಿದ್ದ, ಮಾದಕ ವ್ಯಸನಿಗಳಲ್ಲಿನ ಹೊಸ ಎಚ್‌ಐವಿ ಪ್ರಕರಣಗಳು ಎರಡು ದಶಕದೊಳಗೆ ಹತ್ತಾರಕ್ಕೆ ಇಳಿದವು. ದೇಶವೇನೂ ಅಮಲಿನಲ್ಲಿ ಮುಳುಗಲಿಲ್ಲ. ಆದರೆ ಅಮೆರಿಕದ ಆರೆಗಾನ್ ರಾಜ್ಯ 2021ರಲ್ಲಿ ಶಿಕ್ಷೆ ತೆಗೆಯಿತು, ಚಿಕಿತ್ಸೆಯ ವ್ಯವಸ್ಥೆ ಅದರ ಹಿಂದೆ ಕುಂಟುತ್ತಾ ಬಂತು. ಬೀದಿಯಲ್ಲಿ ಬಹಿರಂಗ ಸೇವನೆ ಕಂಡ ಜನ ಸಿಟ್ಟಿಗೆದ್ದರು, 2024ರಲ್ಲಿ ಮತ್ತೆ ಅದನ್ನು ಅಪರಾಧವನ್ನಾಗಿಸಿದರು. ಕೋಳ ತೆಗೆದರಷ್ಟೇ ಸಾಲದು, ಆ ಕೈಯನ್ನು ಹಿಡಿಯುವವರೂ ಬೇಕು ಎಂಬುದು ಈ ಎರಡು ಕಥೆಗಳಿಂದ ನಾನು ಕಲಿತದ್ದು.

ನಮ್ಮಲ್ಲೂ ಈ ಮಾತು ಎದ್ದಿಲ್ಲವೆಂದಲ್ಲ. 2021ರಲ್ಲಿ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯವೇ, ಸ್ವಂತ ಬಳಕೆಗೆ ಅಲ್ಪಸ್ವಲ್ಪ ಇಟ್ಟುಕೊಂಡವರನ್ನು ಜೈಲಿಗೆ ಕಳಿಸದೆ ಚಿಕಿತ್ಸೆಗೆ ಕಳಿಸಬೇಕೆಂದು ಸಲಹೆ ಕೊಟ್ಟಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ತಿದ್ದುಪಡಿಯಲ್ಲಿ ಅದು ಇರಲಿಲ್ಲ. ಹಳೆಯ ಕರಡಿನ ಒಂದು ತಪ್ಪನ್ನಷ್ಟೇ ಸರಿಪಡಿಸಿದರು. ಪಂಜಾಬಿನಲ್ಲಿ ಮಾತ್ರ ಸಾವಿರಾರು ವ್ಯಸನಿಗಳಿಗೆ ಹೊರರೋಗಿ ವಿಭಾಗದಲ್ಲೇ ಬುಪ್ರಿನಾರ್ಫಿನ್ ಮಾತ್ರೆ ಕೊಡುವ ಕೇಂದ್ರಗಳು 2017ರಿಂದ ನಡೆಯುತ್ತಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಮುಕ್ತಿಗೆಂದೇ ವಿಭಾಗವಿದೆ. ಆದರೆ ಗಿರಣಿ ಬಾಗಿಲು ಹಾಕಿ ಬೆಂಗಳೂರಿಗೆ ಎಷ್ಟು ಸಲ ಹೋಗಿ ಬರಲು ಸಾಧ್ಯ?

ಹಾಗಾಗಿ ನನ್ನ ಬೇಡಿಕೆ ದೊಡ್ಡದಲ್ಲ. ಮಾರುವವನನ್ನು, ಶಾಲೆಯ ಗೇಟಿನ ಬಳಿ ಪೊಟ್ಟಣ ಹಿಡಿದು ನಿಲ್ಲುವವನನ್ನು ಬಿಡಬೇಡಿ. ಹೊಡೆದವನನ್ನು, ಕದ್ದವನನ್ನು ಬಿಡಬೇಡಿ. ಸೇದಿ ಸಿಕ್ಕ ಹುಡುಗನ ಪಟವನ್ನು ಪತ್ರಿಕೆಗೆ ಕೊಡಬೇಡಿ, ಅವನನ್ನು ಕಾಲೇಜಿನಿಂದ ಓಡಿಸಬೇಡಿ. ಓದು ಬಿಟ್ಟ ಹುಡುಗನಿಗೆ ಆ ಚಟವೊಂದೇ ಜೊತೆಗಾರನಾಗಿ ಉಳಿಯುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನವಾದರೂ ಚಟ ಬಿಡಿಸುವ ವೈದ್ಯರು ಕೂರಲಿ. ಅಲ್ಲಿಗೆ ಬಂದವರ ಹೆಸರು ಠಾಣೆಗೆ ಹೋಗುವುದಿಲ್ಲವೆಂದು ದೊಡ್ಡಕ್ಷರದಲ್ಲಿ ಬರೆಸಿರಲಿ.

ಕಾನೂನು ಬದಲಾಗುವುದು ದೆಹಲಿಯಲ್ಲಿ, ಅದಕ್ಕೆ ಕಾಲ ಹಿಡಿದೀತು. ನಮ್ಮ ಬೀದಿಯ ಕಾನೂನು ಮಾತ್ರ ನಮ್ಮ ಕೈಯಲ್ಲೇ ಇದೆ. 'ಆ ಮನೆಯ ಹುಡುಗ ಹಾಗಂತೆ' ಎಂದು ನಾವು ನೀರು ಹಿಡಿಯುವಲ್ಲಿ, ಹೂವು ಕೊಳ್ಳುವಲ್ಲಿ ಹೇಳುವ ಒಂದು ಮಾತಿಗೆ ಯಾವ ಕಲಮೂ ಇಲ್ಲ, ಜಾಮೀನೂ ಇಲ್ಲ, ಅವಧಿಯೂ ಇಲ್ಲ. ಕೋರ್ಟಿನ ಶಿಕ್ಷೆ ದಂಡ ಕಟ್ಟಿದ ದಿನ ಮುಗಿಯುತ್ತದೆ. ನಮ್ಮದು ಆ ಮನೆಯ ಹೆಣ್ಣುಮಗಳ ಮದುವೆಯವರೆಗೂ ನಡೆಯುತ್ತದೆ. ನಿಮ್ಮ ಪರಿಚಯದ ತಾಯಿಯೊಬ್ಬಳು ಮಗನ ಮಾತು ತೆಗೆದು ಅರ್ಧಕ್ಕೇ ನಿಲ್ಲಿಸಿದರೆ, ಅವಳ ಮುಖ ನೋಡಿ. ಅವಳು ನಿಮ್ಮನ್ನು ಅಳೆಯುತ್ತಿರುತ್ತಾಳೆ, ಇವಳಿಗೆ ಹೇಳಬಹುದೇ ಎಂದು. ಹೇಳಬಹುದು ಎಂದು ಅವಳಿಗೆ ಅನ್ನಿಸಿದರೆ, ಅವಳ ಮಗ ಆಸ್ಪತ್ರೆಯ ಬಾಗಿಲಿಗೆ ಒಂದು ಹೆಜ್ಜೆ ಹತ್ತಿರವಾದಂತೆ.